ಹಳೆಯ ಕಾರನ್ನು ಬೀಳ್ಕೊಟ್ಟು ಮುಂದಿನದನ್ನು ಆರಿಸುವುದು: ಹಾಸನ, ಚಿಕ್ಕಮಗಳೂರು ಕಡೆಯವರಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಹಾಸನ, ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು ಭಾಗದ ಎಷ್ಟೋ ಮನೆಗಳ ಮೊದಲ ಕಾರು ಒಂದೂವರೆ ಲಕ್ಷದೊಳಗೆ ಕೊಂಡ ಸೆಕೆಂಡ್ ಹ್ಯಾಂಡ್ ಗಾಡಿಯೇ ಆಗಿರುತ್ತದೆ. ಮಾರುತಿ 800, ಆಲ್ಟೋ, ಓಮ್ನಿ, ಸ್ಯಾಂಟ್ರೋ, ಇಂಡಿಕಾ ಇವೆಲ್ಲ ಮಕ್ಕಳನ್ನು ಶಾಲೆಗೂ ಹಿರಿಯರನ್ನು ಆಸ್ಪತ್ರೆಗೂ ಗೊಬ್ಬರದ ಚೀಲಗಳನ್ನು ತೋಟಕ್ಕೂ ಮುಟ್ಟಿಸಿದ ಗಾಡಿಗಳು. ಅಂಥದ್ದನ್ನು ಬಿಡುವ ಹೊತ್ತು ಬಂದಾಗ ಎಲ್ಲರ ಗಮನ ಸಿಗುವ ಬೆಲೆಯ ಮೇಲೆ ನಿಲ್ಲುತ್ತದೆ. ನನ್ನ ಅಭಿಪ್ರಾಯದಲ್ಲಿ ಬೆಲೆಗಿಂತ ದೊಡ್ಡ ಕೆಲಸಗಳು ಎರಡಿವೆ. ಹಳೆಯ ಗಾಡಿ ನಿಮ್ಮ ಹೆಸರಿನಿಂದ ಪೂರ್ತಿಯಾಗಿ ಕಳಚಿಕೊಳ್ಳಬೇಕು. ಅದು ಯಾವ ರಸ್ತೆಯಲ್ಲಿ, ಯಾವ ಭಾಗದಲ್ಲಿ ಸೋತಿತು ಎಂಬ ಲೆಕ್ಕವೇ ಮುಂದಿನ ಕಾರಿನ ಆಯ್ಕೆಗೆ ಆಧಾರವಾಗಬೇಕು.

ಮೊದಲ ಹಂತ: ಬಿಡುವ ಕಾಲ ಬಂದಿದೆಯೇ ಎಂದು ತೀರ್ಮಾನಿಸುವುದು

ಕಳೆದ ಎರಡು ವರ್ಷಗಳ ಗ್ಯಾರೇಜ್ ಬಿಲ್ಲುಗಳನ್ನು, ಬಿಲ್ಲು ಇಲ್ಲದಿದ್ದರೆ ಮೆಕ್ಯಾನಿಕ್‌ಗೆ ಮೊಬೈಲಿನಲ್ಲಿ ಕಳಿಸಿದ ಹಣದ ವಿವರವನ್ನು, ಒಂದು ಹಾಳೆಯಲ್ಲಿ ಬರೆದುಕೊಂಡು ಎರಡು ಭಾಗ ಮಾಡಿ. ಟೈರು, ಬ್ಯಾಟರಿ, ಬ್ರೇಕ್ ಪ್ಯಾಡ್, ಆಯಿಲ್, ಕ್ಲಚ್ ಪ್ಲೇಟ್ ಇವು ಓಡುವ ಯಾವ ಕಾರಿಗೂ ತಪ್ಪದ ಖರ್ಚುಗಳು. ಮತ್ತೆ ಮತ್ತೆ ಸೋರುವ ರೇಡಿಯೇಟರ್, ಸಡಿಲಗೊಂಡ ಸ್ಟೀರಿಂಗ್, ತುಕ್ಕು ಹಿಡಿದ ತಳಕ್ಕೆ ವೆಲ್ಡಿಂಗ್, ಎಲ್ಲೆಂದು ತಿಳಿಯದೆ ಕೈಕೊಡುವ ವೈರಿಂಗ್ ಇವು ವಯಸ್ಸಿನ ಖರ್ಚುಗಳು. ತೀರ್ಮಾನಕ್ಕೆ ಬರಬೇಕಾದದ್ದು ಈ ಎರಡನೆಯ ಭಾಗವನ್ನು ನೋಡಿ.

ಅರವತ್ತು ಸಾವಿರ ಬೆಲೆಬಾಳುವ ಗಾಡಿಗೆ ವರ್ಷಕ್ಕೆ ಮೂವತ್ತು ಸಾವಿರ ಸುರಿಯುವುದು ಸರಿಯೇ ಎಂದು ಕೇಳುವುದು ರೂಢಿ. ಆದರೆ ರಿಪೇರಿಯ ಖರ್ಚನ್ನು ಹೋಲಿಸಬೇಕಾದದ್ದು ಗಾಡಿಯ ಬೆಲೆಯ ಜೊತೆಗಲ್ಲ, ಅದರ ಜಾಗಕ್ಕೆ ಬರುವ ಕಾರಿನ ವಾರ್ಷಿಕ ಖರ್ಚಿನ ಜೊತೆಗೆ. ಲೆಕ್ಕಕ್ಕಾಗಿ ಹೇಳುವುದಾದರೆ, ನಾಲ್ಕು ಲಕ್ಷದ ಕಾರಿಗೆ ಮೂರು ಲಕ್ಷ ಸಾಲ ಮಾಡಿ ಶೇಕಡಾ 12ರ ಬಡ್ಡಿ ಕಟ್ಟಿದರೆ ಮೊದಲ ವರ್ಷವೇ ಬಡ್ಡಿಗೆ ಮೂವತ್ತು ಸಾವಿರದ ಮೇಲೆ ಹೋಗುತ್ತದೆ. ಕಾರಿನ ಬೆಲೆ ವರ್ಷಕ್ಕೆ ನಲವತ್ತು ಸಾವಿರ ಇಳಿದರೂ, ವಿಮೆಯ ಹೆಚ್ಚಳವೂ ಸೇರಿ ಒಟ್ಟು ಎಪ್ಪತ್ತೈದು ಸಾವಿರ ದಾಟುತ್ತದೆ. ಹಣದ ದೃಷ್ಟಿಯೊಂದರಿಂದಲೇ ನೋಡಿದರೆ ಹಳೆಯ ಗಾಡಿಯೇ ಬಹುಪಾಲು ಗೆಲ್ಲುತ್ತದೆ. ಆದ್ದರಿಂದ ಅದನ್ನು ಬಿಡುವುದಕ್ಕೆ ಕಾರಣ ಬೇರೆ ಇರಬೇಕು: ಸುರಕ್ಷತೆ, ನಂಬಿಕೆ, ಇಲ್ಲವೇ ಕಾನೂನು.

ಸುರಕ್ಷತೆಯ ಮಟ್ಟಿಗೆ ಮಲೆನಾಡಿನ ಗಾಡಿಯ ಮೊದಲ ಶತ್ರು ತುಕ್ಕು. ಚಾಲಕನ ಕಾಲಡಿಯ ಮ್ಯಾಟ್ ಎತ್ತಿ, ಅದರ ಕೆಳಗಿನ ದಪ್ಪ ಹಾಸನ್ನೂ ಸರಿಸಿ, ತಗಡನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಹಾಸು ಒದ್ದೆಯಾಗಿದ್ದು, ಒತ್ತಿದಾಗ ತಗಡು ಕರಕರ ಎಂದರೆ ಅಥವಾ ಸ್ಕ್ರೂಡ್ರೈವರಿನ ತುದಿ ಒಳಕ್ಕೆ ಇಳಿದರೆ ತಳ ಟೊಳ್ಳಾಗಿದೆ ಎಂದೇ ಅರ್ಥ. ಬಾಗಿಲಿನ ಕೆಳಗಿನ ಅಂಚು, ಜಾಕ್ ಕೊಡುವ ಜಾಗ, ಚಕ್ರದ ಮೇಲಿನ ಕಮಾನಿನ ಒಳಭಾಗ ಇಲ್ಲೆಲ್ಲ ತೋಟದ ರಸ್ತೆಯ ಕೆಸರು ಮೆತ್ತಿಕೊಂಡು, ಮಳೆಗಾಲವಿಡೀ ತೇವ ಆರದೆ, ಒಳಗಿನಿಂದಲೇ ಕಬ್ಬಿಣವನ್ನು ತಿಂದಿರುತ್ತದೆ. ಬಾಗಿಲಿನ ತುಕ್ಕಿಗೆ ಟಿಂಕರಿಂಗ್ ಸಾಕು. ಶಾಕ್ ಅಬ್ಸಾರ್ಬರ್ ಕೂರುವ ಜಾಗ, ಸೀಟ್ ಬೆಲ್ಟ್ ಬಿಗಿದ ಜಾಗ, ಸಸ್ಪೆನ್ಶನ್ ಹಿಡಿದ ಜಾಗಗಳಲ್ಲಿ ತುಕ್ಕು ಕಂಡರೆ ಆ ಗಾಡಿಯಲ್ಲಿ ಚಾರ್ಮಾಡಿಯನ್ನಾಗಲಿ ಶಿರಾಡಿಯನ್ನಾಗಲಿ ಇಳಿಯಬಾರದು. ಅಲ್ಲಿಗೆ ಚರ್ಚೆ ಮುಗಿಯಿತು.

ಕಾನೂನಿನ ಮಟ್ಟಿಗೆ, ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಅನಂತರ ನಮೂನೆ 25ರಲ್ಲಿ ಅರ್ಜಿ ಕೊಟ್ಟು, ಗಾಡಿಯನ್ನು ತಪಾಸಣೆಗೆ ಒಪ್ಪಿಸಿ, ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್ 1ರಿಂದ ಈ ನವೀಕರಣದ ಶುಲ್ಕ ಕಾರಿಗೆ 5,000 ರೂಪಾಯಿ ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ರೂಪಾಯಿಗೆ ಏರಿತು. ತಡಮಾಡಿದರೆ ತಿಂಗಳಿಗೆ 500 ರೂಪಾಯಿ ದಂಡ, ಮೇಲೆ ಹಸಿರು ತೆರಿಗೆ. ಮಾರುವುದೇ ಖಚಿತವಾಗಿದ್ದರೆ ನೋಂದಣಿ ಮುಗಿಯುವ ಮೊದಲೇ ಮಾರಿ. ನೋಂದಣಿ ಮುಗಿದ ಗಾಡಿಗೆ ಗಿರಾಕಿ ಸಿಗುವುದು ಕಷ್ಟ, ಸಿಕ್ಕರೂ ಗುಜರಿಯ ಬೆಲೆಯನ್ನೇ ಕೇಳುತ್ತಾನೆ.

ಎರಡನೆಯ ಹಂತ: ಯಾರಿಗೆ ಕೊಡುವುದು

ನಾಲ್ಕು ದಾರಿಗಳಿವೆ. ನೇರವಾಗಿ ಬಳಸುವವರಿಗೆ ಮಾರಿದರೆ ಬೆಲೆ ಹೆಚ್ಚು, ಓಡಾಟವೂ ಹೆಚ್ಚು. ಶೋರೂಮಿನ ಎಕ್ಸ್‌ಚೇಂಜ್‌ನಲ್ಲಿ ಕೆಲಸ ಸಲೀಸು, ಬೆಲೆ ಕಡಿಮೆ. ಅಲ್ಲಿ ಹಳೆಯ ಗಾಡಿಗೆ ಕಟ್ಟಿದ ಬೆಲೆ ಮತ್ತು ಹೊಸದಕ್ಕೆ ಕೊಡುವ ರಿಯಾಯಿತಿ ಎರಡನ್ನೂ ಬೇರೆ ಬೇರೆಯಾಗಿ ಬರೆಸಿಕೊಳ್ಳದಿದ್ದರೆ ಒಂದರಲ್ಲಿ ಕೊಟ್ಟದ್ದನ್ನು ಇನ್ನೊಂದರಲ್ಲಿ ಹಿಂತೆಗೆದುಕೊಂಡದ್ದು ತಿಳಿಯುವುದೇ ಇಲ್ಲ. ಮೂರನೆಯದು ಹಳೆ ಕಾರುಗಳ ಡೀಲರ್ ಅಥವಾ ದಲ್ಲಾಳಿ. ನಾಲ್ಕನೆಯದು ಗುಜರಿ.

ನೇರವಾಗಿ ಮಾರುವುದಾದರೆ ಕಾಲವನ್ನೂ ನೋಡಬೇಕು. ಕಾಫಿ ಕೊಯ್ಲು ಮುಗಿದು ಕೈಗೆ ಹಣ ಬರುವ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ನಮ್ಮ ಕಡೆ ಕಾರು ಕೇಳುವವರು ಹೆಚ್ಚುತ್ತಾರೆ. ಜೂನ್ ಕಳೆದ ಮೇಲೆ ಬರುವವರು ವಿರಳ. ಮಾರುವ ಮುನ್ನ ಬಣ್ಣ ಹೊಡೆಸಬೇಡಿ. ಹೊಸ ಬಣ್ಣ ಕಂಡೊಡನೆ ತಿಳಿದವರು ಅದರಡಿ ಏನಿದೆಯೋ ಎಂದು ಶಂಕಿಸುತ್ತಾರೆ. ತೊಳೆಸಿ, ಒಳಗಿನ ಬೂಷ್ಟಿನ ವಾಸನೆ ಹೋಗುವಂತೆ ಬಿಸಿಲಿಗೆ ಬಾಗಿಲು ತೆರೆದಿಡಿ, ಉರಿಯದ ದೀಪಗಳನ್ನು ಹಾಕಿಸಿ, ಎಮಿಷನ್ ಸರ್ಟಿಫಿಕೇಟ್ ಮತ್ತು ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಸರಿಯಾಗಿವೆಯೇ ನೋಡಿಕೊಳ್ಳಿ. ಹಳೆಯ ಸಾಲ ತೀರಿದ್ದರೂ ಆರ್‌ಸಿಯಲ್ಲಿ, ಅಂದರೆ ನೋಂದಣಿ ಪತ್ರದಲ್ಲಿ, ಬ್ಯಾಂಕಿನ ಹೆಸರು ಉಳಿದಿದ್ದರೆ, ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಮತ್ತು ನಮೂನೆ 35 ಕೊಟ್ಟು ಮೊದಲು ಅದನ್ನು ತೆಗೆಸಿ.

ಗಾಡಿಯ ದೋಷಗಳನ್ನು ಕೊಳ್ಳುವವರಿಗೆ ಬಾಯಿಬಿಟ್ಟು ಹೇಳಿ. ಹ್ಯಾಂಡ್‌ಬ್ರೇಕ್ ಹಿಡಿಯುವುದಿಲ್ಲ, ಏರಿನಲ್ಲಿ ಬಿಸಿ ಜಾಸ್ತಿಯಾಗುತ್ತದೆ ಎಂಬುದನ್ನು ಮುಚ್ಚಿಟ್ಟು ಐದು ಸಾವಿರ ಹೆಚ್ಚು ಪಡೆಯುವುದು ಬೇಡ. ಆ ಗಾಡಿಯಲ್ಲಿ ನಾಳೆ ಘಟ್ಟ ಇಳಿಯುವವರು ಒಂದು ಸಂಸಾರ.

ಗಾಡಿ ಗುಜರಿಗೇ ಯೋಗ್ಯವಾಗಿದ್ದರೆ, ತೂಕಕ್ಕೆ ಕೊಟ್ಟು ಕೈತೊಳೆದುಕೊಳ್ಳುವುದು ತಪ್ಪು. ಕಾರು ತುಂಡಾದರೂ ದಾಖಲೆಯಲ್ಲಿ ಅದು ನಿಮ್ಮ ಹೆಸರಿನಲ್ಲಿ ಬದುಕಿರುತ್ತದೆ, ಅದರ ನಂಬರನ್ನು ಯಾರೋ ಬಳಸಿಕೊಳ್ಳಬಹುದು. ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ಗಾಡಿ ನಾಶವಾದ ಸಂಗತಿಯನ್ನು 14 ದಿನಗಳೊಳಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು. ಸರ್ಕಾರದಲ್ಲಿ ನೋಂದಾಯಿತವಾದ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕೊಟ್ಟರೆ, ಗಾಡಿ ಒಪ್ಪಿಸಿದ್ದಕ್ಕೆ ಸಾಕ್ಷಿಯಾದ ಠೇವಣಿ ಪ್ರಮಾಣಪತ್ರ ಸಿಗುತ್ತದೆ. ಅದನ್ನು ತೋರಿಸಿ ಹೊಸ ಕಾರಿನ ನೋಂದಣಿ ಶುಲ್ಕದಲ್ಲಿ ವಿನಾಯಿತಿ ಪಡೆಯಬಹುದು.

ಮೂರನೆಯ ಹಂತ: ಹೆಸರು ಬದಲಾಯಿಸುವುದು

ಇಡೀ ವ್ಯವಹಾರದಲ್ಲಿ ಅತಿ ಹೆಚ್ಚು ಉದಾಸೀನಕ್ಕೆ ಒಳಗಾಗುವ ಹಂತ ಇದು. ಹಣ ಎಣಿಸಿಕೊಂಡು, ಕೀ ಕೊಟ್ಟು, ಖಾಲಿ ಫಾರಂಗಳಿಗೆ ಸಹಿ ಹಾಕಿ ದಲ್ಲಾಳಿಯ ಕೈಗಿಟ್ಟರೆ ಮುಗಿಯಿತೆಂದು ಜನ ಭಾವಿಸುತ್ತಾರೆ. ಆ ಗಾಡಿ ಮೂರ್ನಾಲ್ಕು ಕೈ ದಾಟಿ ಅಪಘಾತ ಮಾಡಿದರೆ ನೋಟಿಸು ಬರುವುದು ಆರ್‌ಸಿಯಲ್ಲಿ ಹೆಸರಿರುವವರಿಗೆ. ಹೀಗೆ ಹಲವು ಕೈ ಬದಲಾದ ಕಾರಿನ ಪ್ರಕರಣವೊಂದರಲ್ಲಿ, ನೋಂದಣಿ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಗಾಡಿಗೆ ವಿಮೆ ಇಲ್ಲದಿದ್ದರೆ ಆ ಪರಿಹಾರ ನಿಮ್ಮ ಮನೆ, ಜಮೀನಿನ ಮೇಲೆ ಬರುತ್ತದೆ.

ಮಾರುವವರು ನಮೂನೆ 29ರಲ್ಲಿ ವರ್ಗಾವಣೆಯ ಸೂಚನೆ ಕೊಡಬೇಕು. ಗಾಡಿ ರಾಜ್ಯದೊಳಗೇ ಇದ್ದರೆ ಇದಕ್ಕೆ 14 ದಿನಗಳ ಅವಧಿ. ಕೊಳ್ಳುವವರು ನಮೂನೆ 30ರಲ್ಲಿ 30 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು. ಜೊತೆಗೆ ಮೂಲ ಆರ್‌ಸಿ, ಚಾಲ್ತಿಯಲ್ಲಿರುವ ವಿಮೆ, ಎಮಿಷನ್, ಇಬ್ಬರ ಗುರುತು ಮತ್ತು ವಿಳಾಸದ ದಾಖಲೆ, ಚಾಸಿ ನಂಬರಿನ ಪೆನ್ಸಿಲ್ ಅಚ್ಚು ಬೇಕಾಗುತ್ತವೆ. ಚಾಸಿ ನಂಬರಿನ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿ ತೆಗೆಯುವ ಈ ಅಚ್ಚನ್ನು ಒಂದೆರಡು ಹೆಚ್ಚಾಗಿಯೇ ತೆಗೆದಿಟ್ಟುಕೊಳ್ಳಿ. ಹಾಸನದ ಕೆಎ-13, ಚಿಕ್ಕಮಗಳೂರಿನ ಕೆಎ-18, ಸಕಲೇಶಪುರದ ಕೆಎ-46 ಗಾಡಿಗಳು ಇವೇ ಜಿಲ್ಲೆಗಳೊಳಗೆ ಕೈ ಬದಲಾದರೆ ಕೆಲಸ ಸುಲಭ. ಹೊರರಾಜ್ಯಕ್ಕೆ ಹೋಗುವುದಿದ್ದರೆ ನಮೂನೆ 28ರ ಎನ್‌ಒಸಿ ಬೇಕು.

ಸಾಧ್ಯವಾದರೆ ಕೊಳ್ಳುವವರೊಂದಿಗೆ ನೀವೇ ಆರ್‌ಟಿಒ ಕಚೇರಿಗೆ ಹೋಗಿ ಅರ್ಜಿ ಕೊಟ್ಟು ರಸೀದಿ ಪಡೆಯಿರಿ. ಆಗದಿದ್ದರೆ ದಿನಾಂಕ ತುಂಬಿದ, ಇಬ್ಬರೂ ಸಹಿ ಮಾಡಿದ ನಮೂನೆ 29ರ ಪ್ರತಿಯನ್ನು ಕಚೇರಿಗೆ ಸ್ವೀಕೃತಿ ಸಹಿತ ಅಂಚೆಯಲ್ಲಿ ಕಳಿಸಿ. ಇದರ ಜೊತೆಗೆ ಒಂದು ಹಸ್ತಾಂತರ ಪತ್ರ ಬರೆಯಿರಿ: ಗಾಡಿಯ ನಂಬರು, ಚಾಸಿ ಮತ್ತು ಎಂಜಿನ್ ನಂಬರು, ಮೊತ್ತ, ಓಡಿದ ಕಿಲೋಮೀಟರು, ಕೊಟ್ಟ ದಿನಾಂಕ ಮತ್ತು ಗಂಟೆ. ಗಂಟೆಯನ್ನು ಬರೆಯುವುದು ಅತಿಯಾಯಿತೆನಿಸಬಹುದು; ಆದರೆ ಅದೇ ಸಂಜೆ ಗಾಡಿ ಎಲ್ಲಾದರೂ ಡಿಕ್ಕಿ ಹೊಡೆದರೆ ನಿಮ್ಮ ನೆರವಿಗೆ ಬರುವುದು ಆ ಒಂದು ಸಾಲು. ಡೀಲರ್‌ಗೆ ಕೊಡುವುದಾದರೆ, 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮದಂತೆ ಅಧಿಕೃತ ಡೀಲರ್ ಹೌದೇ ಎಂದು ಕೇಳಿ, ನಮೂನೆ 29ಸಿಯಲ್ಲಿ ಹಸ್ತಾಂತರವನ್ನು ದಾಖಲಿಸಲು ಒತ್ತಾಯಿಸಿ.

ಹಣವನ್ನು ಬ್ಯಾಂಕ್ ಮೂಲಕವೇ ಪಡೆಯಿರಿ. ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ. ಫಾಸ್ಟ್ಯಾಗ್ ಮುಚ್ಚಿಸಿ ಸ್ಟಿಕ್ಕರ್ ಕಿತ್ತುಹಾಕಿ, ಇಲ್ಲವಾದರೆ ಶಾಂತಿಗ್ರಾಮದ ಟೋಲಿನಲ್ಲಿ ಗಾಡಿ ದಾಟಿದಾಗಲೆಲ್ಲ ಹಣ ಹೋಗುವುದು ನಿಮ್ಮ ಖಾತೆಯಿಂದ. ವಿಮೆಯಲ್ಲಿ ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ಬೋನಸ್ ಗಾಡಿಗೆ ಸೇರಿದ್ದಲ್ಲ, ನಿಮಗೆ ಸೇರಿದ್ದು. ಅದು ಶೇಕಡಾ 50ರವರೆಗೂ ಇರಬಹುದು. ವಿಮಾ ಕಂಪನಿಯಿಂದ ಅದರ ಪತ್ರ ಪಡೆದರೆ ಮೂರು ವರ್ಷದೊಳಗೆ ಮುಂದಿನ ಕಾರಿನ ವಿಮೆಗೆ ಬಳಸಬಹುದು.

ನಾಲ್ಕನೆಯ ಹಂತ: ಯಾವ ಕಾರು ಬೇಕು

ಮೊದಲ ಹಂತದಲ್ಲಿ ಬರೆದ ಹಾಳೆಯನ್ನು ಈಗ ಮುಂದಿಟ್ಟುಕೊಳ್ಳಿ. ಲೋವರ್ ಆರ್ಮ್, ಬಾಲ್ ಜಾಯಿಂಟ್, ಶಾಕ್ ಅಬ್ಸಾರ್ಬರ್‌ಗಳಿಗೇ ಹೆಚ್ಚು ಹಣ ಹೋಗಿದ್ದರೆ ಅದು ರಸ್ತೆಯ ಕಾಟ. ಅದೇ ರಸ್ತೆಗೆ ಅದೇ ಎತ್ತರದ, ಅದೇ ಅಳತೆಯ ಚಕ್ರದ ಕಾರು ತಂದರೆ ಅದೇ ಬಿಲ್ಲು ಮರುಕಳಿಸುತ್ತದೆ. ಕ್ಲಚ್ ಮತ್ತೆ ಮತ್ತೆ ಸವೆದಿದ್ದರೆ ಚಿಕ್ಕ ಎಂಜಿನ್‌ಗೆ ನಿಮ್ಮ ಏರು ಭಾರವಾಗಿತ್ತು ಎಂದು ತಿಳಿಯಬಹುದು. ಸೈಲೆನ್ಸರ್ ಪದೇಪದೇ ಕಿತ್ತಿದ್ದರೆ ತಳ ತಗುಲುತ್ತಿತ್ತು.

ಅರಸೀಕೆರೆ, ಚನ್ನರಾಯಪಟ್ಟಣ, ಕಡೂರಿನ ಬಯಲಿನಲ್ಲಿ ಓಡಾಡುವವರಿಗೂ ಕೊಟ್ಟಿಗೆಹಾರ, ಕಳಸ, ಬಾಳೆಹೊನ್ನೂರಿನ ಕಡೆಯವರಿಗೂ ಒಂದೇ ಸಲಹೆ ಹೊಂದುವುದಿಲ್ಲ. ಬಯಲಿನಲ್ಲಿ ಒಂದು ಲೀಟರಿನ ಒಳಗಿನ ಚಿಕ್ಕ ಪೆಟ್ರೋಲ್ ಕಾರು ಧಾರಾಳ ಸಾಕು. ನಾಲ್ಕು ಜನ ಕೂತು ಎ.ಸಿ. ಹಾಕಿಕೊಂಡು ಘಟ್ಟ ಹತ್ತುವವರಿಗೆ 1.2 ಲೀಟರಿನ ಪೆಟ್ರೋಲ್ ಎಂಜಿನ್ ಇರುವ ಕಾರನ್ನೇ ಸೂಚಿಸುತ್ತೇನೆ. ಮೈಲೇಜಿನಲ್ಲಿ ಸ್ವಲ್ಪ ಕಳೆದುಕೊಂಡರೂ ಕ್ಲಚ್ಚಿನಲ್ಲಿ ಅದು ಉಳಿಯುತ್ತದೆ. ತನ್ನಷ್ಟಕ್ಕೆ ಗೇರ್ ಬದಲಿಸುವ ಎಎಂಟಿ ಕಾರು ಕೊಳ್ಳುವುದಿದ್ದರೆ ಏರಿನಲ್ಲಿ ನಿಲ್ಲಿಸಿ ಹೊರಡಿಸಿ ನೋಡದೆ ಒಪ್ಪಬೇಡಿ. ಏರಿನಲ್ಲಿ ಹೊರಡುವಾಗ ಗಾಡಿಯನ್ನು ಕ್ಷಣಕಾಲ ಹಿಡಿದಿಡುವ ಹಿಲ್ ಹೋಲ್ಡ್ ಇಲ್ಲದವು ಹಿಂದಕ್ಕೆ ಜಾರುತ್ತವೆ. ಡೀಸೆಲ್ ಬಗ್ಗೆ ಎಚ್ಚರವಿರಲಿ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 (ಹೊಗೆ ನಿಯಂತ್ರಣದ ಮಾನದಂಡ) ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಅದು ತನ್ನನ್ನು ತಾನೇ ಶುದ್ಧ ಮಾಡಿಕೊಳ್ಳಲು ಹೆದ್ದಾರಿಯ ಓಟ ಬೇಕು. ಮನೆಯಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ ಮಾತ್ರ ಓಡಿದರೆ ಅದು ಕಟ್ಟಿಕೊಳ್ಳುತ್ತದೆ. ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗಿಬರುವವರಿಗೆ ಡೀಸೆಲ್ ಸರಿ.

ಸೆಕೆಂಡ್ ಹ್ಯಾಂಡ್ ಕಾರಿನ ವರ್ಷವನ್ನು ಸುರಕ್ಷತೆಯ ನಿಯಮಗಳ ಮೇಲೆ ನಿಗದಿ ಮಾಡುವುದು ಒಳ್ಳೆಯದು. 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಬ್ರೇಕ್ (ಜೋರಾಗಿ ಒತ್ತಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ಬ್ರೇಕ್), ಅದೇ ವರ್ಷದ ಜುಲೈಯಿಂದ ಚಾಲಕನ ಏರ್‌ಬ್ಯಾಗ್, 2021ರ ಕೊನೆಗೆ ಮುಂದಿನ ಪ್ರಯಾಣಿಕರ ಏರ್‌ಬ್ಯಾಗ್ ಕಡ್ಡಾಯವಾದವು. ಮಳೆಯಲ್ಲಿ ನುಣುಪಾದ ಘಟ್ಟದ ತಿರುವಿನಲ್ಲಿ ಎಬಿಎಸ್ ಇರುವುದಕ್ಕೂ ಇಲ್ಲದಿರುವುದಕ್ಕೂ ಜೀವದ ವ್ಯತ್ಯಾಸವಿದೆ. ಆದ್ದರಿಂದ 2019ರ ಮಧ್ಯಭಾಗದ ನಂತರದ ಸಾಮಾನ್ಯ ಕಾರು, ಅಥವಾ ಅದಕ್ಕೂ ಹಿಂದಿನದಾದರೆ ಇವೆಲ್ಲ ಇದ್ದ ಮೇಲ್ದರ್ಜೆಯ ಮಾದರಿ ಹುಡುಕಿ. ಬಜೆಟ್ ಅಷ್ಟಿಲ್ಲದವರು ವರ್ಷವನ್ನು ಬಿಟ್ಟು ಸ್ಥಿತಿಯನ್ನು ಹಿಡಿಯಲಿ, ಆದರೆ ಬ್ರೇಕು ಮತ್ತು ಟೈರಿನಲ್ಲಿ ರಾಜಿ ಬೇಡ.

ಬೆಲೆ ಹೋಲಿಸುವಾಗ ಇನ್ನೊಂದು ಸಂಗತಿ. 2025ರ ಸೆಪ್ಟೆಂಬರ್ 22ರಿಂದ 1200 ಸಿಸಿ ಒಳಗಿನ, ನಾಲ್ಕು ಮೀಟರ್ ಮೀರದ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇಕಡಾ 18ಕ್ಕೆ ಇಳಿದಿದೆ. ಮಾರುವವರು ತಾವು ಅಂದು ಕೊಟ್ಟ ಬಿಲ್ಲನ್ನು ತೋರಿಸುತ್ತಾರೆ. ನೀವು ಇಂದಿನ ಹೊಸ ಕಾರಿನ ದರಪಟ್ಟಿಯನ್ನು ಇಟ್ಟುಕೊಂಡು ಮಾತನಾಡಿ. ಮಾರುಕಟ್ಟೆ ಬಿಟ್ಟುಹೋದ ಕಂಪನಿಗಳ ಕಾರುಗಳು ಅಗ್ಗವಾಗಿ ಕಾಣುತ್ತವೆ. ಷೆವ್ರೊಲೆ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಪ್ರಕಟಿಸಿತು. ಗಟ್ಟಿ ಕಾರುಗಳೇ ಹೌದು, ಆದರೆ ನಿಮ್ಮ ಮೆಕ್ಯಾನಿಕ್ ಅದರ ಬಿಡಿಭಾಗವನ್ನು ಎಲ್ಲಿಂದ ತರಿಸುತ್ತಾರೆಂದು ಮೊದಲು ಕೇಳಿ.

ಐದನೆಯ ಹಂತ: ನೋಡಿ, ಓಡಿಸಿ, ಪರೀಕ್ಷಿಸುವುದು

ಕೊಳ್ಳುವವರಿಗೆ ಮಳೆಗಾಲವೇ ಒಳ್ಳೆಯ ಕಾಲ. ಸೋರುವ ಬಾಗಿಲು, ಮಂಜು ಕಟ್ಟುವ ಹೆಡ್‌ಲೈಟ್, ಒದ್ದೆ ಹಾಸು ಯಾವುದನ್ನೂ ಮಳೆಯಲ್ಲಿ ಮರೆಮಾಚಲಾಗುವುದಿಲ್ಲ. ಬೆಳಿಗ್ಗೆ ಬೇಗ ಹೋಗಿ ಬಾನೆಟ್ ಮುಟ್ಟಿ ನೋಡಿ. ಬಿಸಿಯಾಗಿದ್ದರೆ ನಿಮಗಿಂತ ಮೊದಲೇ ಯಾರೋ ಸ್ಟಾರ್ಟ್ ಮಾಡಿದ್ದಾರೆ. ಎಂಜಿನ್ ತಣ್ಣಗಿರುವಾಗಲೇ ಆಯಿಲ್ ಮುಚ್ಚಳ ತೆರೆಯಿರಿ. ಅದರ ಒಳಭಾಗದಲ್ಲಿ ಹಾಲಿನ ಕೆನೆಯಂಥ ಬಿಳಿ ಪದರ ಕಂಡರೆ ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ಹೇಳುವುದುಂಟು. ನಮ್ಮ ಕಡೆಯ ಚಳಿ ಮತ್ತು ತೇವದಲ್ಲಿ, ಒಂದೆರಡು ಕಿಲೋಮೀಟರ್ ಮಾತ್ರ ಓಡುವ ಕಾರುಗಳಲ್ಲಿ ಆವಿ ತಣಿದು ಕೂಡ ಅದು ಬರುತ್ತದೆ. ಆದ್ದರಿಂದ ಡಿಪ್‌ಸ್ಟಿಕ್ ಎಳೆದು ಆಯಿಲೂ ಬೆಳ್ಳಗಿದೆಯೇ, ಕೂಲೆಂಟಿನಲ್ಲಿ ಎಣ್ಣೆಯ ಪದರ ತೇಲುತ್ತಿದೆಯೇ, ಸೈಲೆನ್ಸರ್‌ನಿಂದ ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ಬರುತ್ತಿದೆಯೇ ಎಂದು ನೋಡಿಯೇ ತೀರ್ಮಾನಿಸಿ.

ತೋಟದ ಮನೆಯ ಕಾರಾದರೆ ಬಾನೆಟ್ಟಿನಡಿಯ ವೈರುಗಳನ್ನು ಇಲಿ ಕಡಿದಿದೆಯೇ ಪರಿಶೀಲಿಸಿ. ಟೇಪು ಸುತ್ತಿದ ವೈರುಗಳೇ ಸಾಕ್ಷಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಸೀಟ್ ಬೆಲ್ಟನ್ನು ಪೂರ್ತಿ ಎಳೆದರೆ ನೀರಿನಲ್ಲಿ ಮುಳುಗಿದ ಕಾರಿನ ಬೆಲ್ಟಿನ ಕೊನೆಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಚಿಕ್ಕಮಗಳೂರಿನಂಥ ಪ್ರವಾಸಿ ಜಿಲ್ಲೆಯಲ್ಲಿ ಬಾಡಿಗೆಗೆ ಓಡಿದ ಕಾರುಗಳು ಬಿಳಿ ಬೋರ್ಡಿಗೆ ಬದಲಾಗಿ ಮಾರಾಟಕ್ಕೆ ಬರುತ್ತವೆ. ಮೀಟರು ನಲವತ್ತು ಸಾವಿರ ತೋರಿಸಿ, ಕ್ಲಚ್ ಪೆಡಲಿನ ರಬ್ಬರು, ಸ್ಟೀರಿಂಗಿನ ಮೇಲ್ಮೈ, ಚಾಲಕನ ಸೀಟಿನ ಅಂಚು ಸವೆದು ಹೋಗಿದ್ದರೆ ಮೀಟರನ್ನು ನಂಬಬೇಡಿ.

ಓಡಿಸಿ ನೋಡುವುದು ಪೇಟೆಯ ಬೀದಿಗೆ ಸೀಮಿತವಾಗಬಾರದು. ಚಿಕ್ಕಮಗಳೂರಿನವರು ಕೈಮರದಾಚೆಯ ಏರಿಗೆ, ಸಕಲೇಶಪುರದವರು ದೋಣಿಗಾಲ್ ದಾಟಿ ಇಳಿಯುವ ರಸ್ತೆಗೆ ಕೊಂಡೊಯ್ಯಲಿ. ನಾಲ್ಕು ಜನ ಕೂತು, ಎ.ಸಿ. ಹಾಕಿ, ಏರಿನಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದು ಪುನಃ ಹೊರಡಿಸಿ. ಎಂಜಿನ್ ಗುಡುಗಿ ಗಾಡಿ ಮುಂದೆ ಹೋಗದಿದ್ದರೆ ಕ್ಲಚ್ ಜಾರುತ್ತಿದೆ. ಇಳಿಜಾರಿನಲ್ಲಿ ಎರಡನೇ ಗೇರಿನಲ್ಲಿಟ್ಟು ಬನ್ನಿ: ಗೇರ್ ತಾನಾಗಿ ಕಳಚುತ್ತದೆಯೇ, ಬ್ರೇಕ್ ಪೆಡಲ್ ಮೆತ್ತಗಾಗುತ್ತಾ ಹೋಗುತ್ತದೆಯೇ, ಗಾಡಿ ಒಂದು ಕಡೆಗೆ ಎಳೆಯುತ್ತದೆಯೇ ಗಮನಿಸಿ. ಮರಳಿ ಬಂದು ಹತ್ತು ನಿಮಿಷ ಎಂಜಿನ್ ಓಡುತ್ತಿರಲಿ, ತಾಪದ ಮುಳ್ಳು ಏರುತ್ತದೆಯೇ ನೋಡಿ, ಕೊನೆಗೆ ಅಡಿಯಲ್ಲಿ ಏನು ಸೋರಿದೆ ಎಂದು ಬಗ್ಗಿ ನೋಡಿ. ಇಷ್ಟಾದ ಮೇಲೂ ನಿಮ್ಮ ನಂಬಿಕೆಯ ಮೆಕ್ಯಾನಿಕ್ ಒಬ್ಬರು ಗಾಡಿಯನ್ನು ರ‍್ಯಾಂಪಿಗೆ ಏರಿಸಿ ತಳ ನೋಡಲಿ. ಅವರ ಕೂಲಿ ಕೊಡಲು ಹಿಂಜರಿಯಬೇಡಿ.

ಆರನೆಯ ಹಂತ: ದಾಖಲೆ, ಹಣ

ಮುಂಗಡ ಕೊಡುವ ಮೊದಲು ವಾಹನ್ ಜಾಲತಾಣದಲ್ಲಿ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿಯ ನಂಬರು ಹಾಕಿ, ಎಷ್ಟನೆಯ ಮಾಲೀಕರು, ಸಾಲ ಬಾಕಿಯಿದೆಯೇ, ವಿಮೆ ಮತ್ತು ನೋಂದಣಿ ಎಂದಿನವರೆಗೆ, ಚಲನ್ ಉಳಿದಿವೆಯೇ ನೋಡಿ. ಆರ್‌ಸಿಯಲ್ಲಿರುವ ಚಾಸಿ ನಂಬರನ್ನು ಗಾಡಿಯ ಮೇಲಿರುವುದರೊಂದಿಗೆ ಒಂದೊಂದು ಅಕ್ಷರವಾಗಿ ಹೋಲಿಸಿ. ಹೊರರಾಜ್ಯದ ಕಾರು ಎಷ್ಟೇ ಅಗ್ಗವಾಗಿದ್ದರೂ, ಕರ್ನಾಟಕದ ಜೀವಾವಧಿ ತೆರಿಗೆ, ಎನ್‌ಒಸಿ, ಮರುನೋಂದಣಿಯ ಖರ್ಚು ಕೂಡಿಸಿದ ಮೇಲೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿ. ಕೈಲಿರುವ ಹಣವನ್ನೆಲ್ಲ ಬೆಲೆಗೇ ಸುರಿಯದೆ ಹತ್ತರಲ್ಲಿ ಒಂದು ಪಾಲನ್ನಾದರೂ ಟೈರು, ಬ್ಯಾಟರಿ, ಬೆಲ್ಟುಗಳಿಗೆ ಎತ್ತಿಡಿ.

ಗಾಡಿ ಮನೆಗೆ ಬಂದ ಮೇಲೆ

ಹಳೆಯ ಮಾಲೀಕರ ವಿಮೆಯಲ್ಲಿ ಮೂರನೆಯವರ ಹಾನಿಯ ಭಾಗ ಮಾತ್ರ ಗಾಡಿಯೊಂದಿಗೆ ನಿಮಗೆ ಬರುತ್ತದೆ. ನಿಮ್ಮ ಗಾಡಿಗೆ ಪೆಟ್ಟಾದರೆ ಪರಿಹಾರ ಸಿಗಬೇಕಾದರೆ ಪಾಲಿಸಿ ನಿಮ್ಮ ಹೆಸರಿಗೆ ಆಗಬೇಕು. ಅದಕ್ಕೆ 14 ದಿನಗಳೊಳಗೆ ಅರ್ಜಿ ಕೊಡಿ. ಮೊದಲ ವಾರದಲ್ಲೇ ಎಂಜಿನ್ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್ ಮತ್ತು ಫಿಲ್ಟರುಗಳನ್ನು ಬದಲಾಯಿಸಿ, ಹಿಂದಿನವರು ಯಾವಾಗ ಬದಲಿಸಿದ್ದರೆಂಬ ಮಾತನ್ನು ನೆಚ್ಚಿಕೊಳ್ಳಬೇಡಿ. ಮೇ ತಿಂಗಳು ಮುಗಿಯುವುದರೊಳಗೆ ತಳವನ್ನು ಒತ್ತಡದ ನೀರಿನಿಂದ ತೊಳೆಸಿ, ಪೂರ್ತಿ ಒಣಗಿಸಿ, ಆಮೇಲೆ ತುಕ್ಕುನಿರೋಧಕ ಕೋಟಿಂಗ್ ಹೊಡೆಸಿ. ತೇವದ ಮೇಲೆ ಹೊಡೆದ ಕೋಟಿಂಗ್ ನೀರನ್ನು ಒಳಗೇ ಹಿಡಿದಿಟ್ಟು ತುಕ್ಕನ್ನು ಇನ್ನಷ್ಟು ಬೇಗ ಹಬ್ಬಿಸುತ್ತದೆ, ಆದ್ದರಿಂದ ಒಣಗಲು ಒಂದು ದಿನ ಬಿಸಿಲಿನಲ್ಲಿ ಬಿಡಲು ಒಪ್ಪದ ಗ್ಯಾರೇಜಿಗೆ ಈ ಕೆಲಸವನ್ನು ಕೊಡಬೇಡಿ.